ರಿಜಿಸ್ಟರ್ ಮದುವೆ ಆದವರ ಮಗುವಿಗೆ ಜ್ಞಾನಸ್ನಾನ ಕೊಡುವುದಿಲ್ಲವೇ?

ಪ್ರಶ್ನೆ: ನಾನು ಚಿಕ್ಕಮಗಳೂರು ಕಡೆಯವಳು, ಕ್ಯಾಥೊಲಿಕ್. ಗಂಡ ಮಂಗಳೂರಿನವರು, ಹಿಂದೂ. ಮೂರು ವರ್ಷದ ಹಿಂದೆ ಸ್ಪೆಷಲ್ ಮ್ಯಾರೇಜ್ ಆಕ್ಟ್ ಪ್ರಕಾರ ರಿಜಿಸ್ಟರ್ ಮದುವೆಯಾದೆವು. ಈಗ ಐದು ತಿಂಗಳ ಮಗಳಿದ್ದಾಳೆ. ಗಂಡನ ಮನೆಯಲ್ಲಿ ನಾಮಕರಣ ಮಾಡಿ ಇಂಚರ ಎಂದು ಹೆಸರಿಟ್ಟಿದ್ದಾರೆ. ಅವಳಿಗೆ ಜ್ಞಾನಸ್ನಾನ (ಬ್ಯಾಪ್ಟಿಸಂ) ಮಾಡಿಸಬೇಕೆಂದು ನನ್ನ ಆಸೆ, ಗಂಡನ ಅಡ್ಡಿಯಿಲ್ಲ. ಮನೆ ಹತ್ತಿರದ ಚರ್ಚ್ ಆಫೀಸಿನಲ್ಲಿ ಕೇಳಿದೆ. "ಯಾವ ವಾಡೊ? ಗುರ್ಕಾರ್ ಯಾರು? ಚರ್ಚ್ ಮದುವೆಯ ಸರ್ಟಿಫಿಕೇಟ್ ಎಲ್ಲಿ?" ಅಂದರು. ಒಂದಕ್ಕೂ ಉತ್ತರ ಇರಲಿಲ್ಲ. ಮುಖ ಸಣ್ಣದು ಮಾಡಿಕೊಂಡು ವಾಪಸ್ ಬಂದೆ. ನನಗೆ ಕೊಂಕಣಿ ಬರುವುದಿಲ್ಲ. ಗುರುವಾರ ಬಿಕರ್ನಕಟ್ಟೆಯ ಬಾಲಯೇಸು ಮಂದಿರಕ್ಕೆ ಹೋಗಿ ಮೇಣದಬತ್ತಿ ಹಚ್ಚಿ ಬರುತ್ತೇನೆ, ಅಷ್ಟೇ. ನನ್ನ ಗೆಳತಿ ಬಾಸೆಲ್ ಮಿಷನ್ ಕುಟುಂಬದವಳು, ಪ್ರಾಟೆಸ್ಟೆಂಟ್. ಅವಳು ಜ್ಞಾನತಾಯಿ (ಗಾಡ್ ಮದರ್) ಆಗಬಹುದಾ? ನಾನು ಪೂಜೆಯಲ್ಲಿ ಪರಮಪ್ರಸಾದ (ಕಮ್ಯೂನಿಯನ್) ತೆಗೆದುಕೊಳ್ಳಬಹುದಾ? ಇದರ ನಡುವೆ ನಮ್ಮಮ್ಮ, ಮಗುವಿಗೆ ಜ್ವರ ಬಂದಾಗ ತಾನೇ ತಲೆಗೆ ನೀರು ಹಾಕಿ ಪ್ರಾರ್ಥನೆ ಹೇಳಿದ್ದೇನೆ ಎನ್ನುತ್ತಿದ್ದಾರೆ.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ನೀವು ಅದನ್ನು ಸುಮ್ನೆ ಸೇರಿಸಿದ ಹಾಗಿದೆ. ಆದರೆ ಫಾದರ್ ಹತ್ತಿರ ಮೊದಲು ಹೇಳಬೇಕಾದದ್ದು ಅದನ್ನೇ.

ಜ್ಞಾನಸ್ನಾನವನ್ನು ಸಾಮಾನ್ಯವಾಗಿ ಬಿಷಪ್, ಫಾದರ್ ಅಥವಾ ಡೀಕನ್ ಕೊಡುತ್ತಾರೆ. ಜೀವಕ್ಕೆ ಅಪಾಯ ಇದ್ದಾಗ ಯಾರು ಬೇಕಾದರೂ ಕೊಡಬಹುದು. ನರ್ಸ್ ಕೊಡಬಹುದು, ಅಜ್ಜಿ ಕೊಡಬಹುದು, ಕ್ರೈಸ್ತರಲ್ಲದವರೂ ಕೊಡಬಹುದು. ಬೇಕಾದದ್ದು ಮೂರೇ: ನಿಜವಾದ ನೀರು, ಸರಿಯಾದ ಮಾತು, ಧರ್ಮಸಭೆ, ಅಂದರೆ ಕ್ಯಾಥೊಲಿಕ್ ಚರ್ಚ್, ಏನು ಮಾಡುತ್ತದೋ ಅದನ್ನೇ ಮಾಡುತ್ತಿದ್ದೇನೆ ಎನ್ನುವ ಮನಸ್ಸು. ಸಾಧಾರಣ ಜ್ವರಕ್ಕೆಲ್ಲ ಹಾಗೆ ಮಾಡುವಂತಿಲ್ಲ, ನಿಜ. ಆದರೂ ಮಾಡಿದ್ದು ಸರಿಯಾಗಿ ಮಾಡಿದ್ದರೆ ಅದು ಆಗಿಹೋಯಿತು. ಜ್ಞಾನಸ್ನಾನ ಎರಡನೇ ಸಲ ಇಲ್ಲ.

ಹಾಗಾಗಿ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗದರದೆ, ಕೇಳಿ. ನೀರು ಮಗುವಿನ ತಲೆಯ ಮೇಲೆ ಹರಿಯಿತಾ, ಇಲ್ಲ ಬೆರಳು ಅದ್ದಿ ಹಣೆಗೆ ಶಿಲುಬೆ ಗುರುತು ಹಾಕಿದ್ದಾ? "ಪಿತ, ಸುತ, ಪವಿತ್ರಾತ್ಮರ ನಾಮದಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ" ಎಂದರಾ, ಇಲ್ಲ ಮೇರಿ ಮಾತೆಯ ಪ್ರಾರ್ಥನೆಯಾದ ನಮೋ ಮರಿಯಾ ಹೇಳಿ ಮುಗಿಸಿದರಾ? ಅಜ್ಜಿಯರು ಮಾಡುವುದು ಜಾಸ್ತಿ ಎರಡನೆಯ ಬಗೆಯದ್ದೇ. ಅದು ಆಶೀರ್ವಾದ, ಜ್ಞಾನಸ್ನಾನ ಅಲ್ಲ. ಹಾಗಿದ್ದರೆ ಎಲ್ಲ ಮಾಮೂಲಿನಂತೆ ನಡೆಯುತ್ತದೆ. ನೀರೂ ಮಾತೂ ಸರಿ ಇದ್ದರೆ, ಚರ್ಚಿನಲ್ಲಿ ನೀರು ಹಾಕುವುದಿಲ್ಲ. ಎಣ್ಣೆ, ಬಿಳಿ ಬಟ್ಟೆ, ಮೇಣದಬತ್ತಿ, ಹೀಗೆ ಉಳಿದ ಭಾಗವನ್ನಷ್ಟೇ ಮಾಡಿ, ಅಮ್ಮನ ಹೇಳಿಕೆ ಬರೆದುಕೊಂಡು, ಚರ್ಚಿನ ಜ್ಞಾನಸ್ನಾನದ ಪುಸ್ತಕಕ್ಕೆ ಏರಿಸುತ್ತಾರೆ. ವಿಚಾರಿಸಿದರೂ ತೀರ್ಮಾನ ಆಗದಿದ್ದರೆ ಅದಕ್ಕೂ ದಾರಿಯಿದೆ. "ನಿನಗೆ ಈ ಮೊದಲೇ ಜ್ಞಾನಸ್ನಾನ ಆಗಿಲ್ಲದಿದ್ದರೆ" ಎಂಬ ಷರತ್ತು ಸೇರಿಸಿ ಕೊಡುತ್ತಾರೆ. ಯಾವುದು ಆದರೂ ನಿಮ್ಮ ಮಗಳಿಗೆ ನಷ್ಟವಿಲ್ಲ. ಅಮ್ಮನಿಗೆ ಹಾಗಂತ ಹೇಳಿ, ಪಾಪ, ಅವರಿಗೂ ಒಳಗೊಳಗೇ ಹೆದರಿಕೆ ಇರುತ್ತದೆ.

ಈಗ ಮುಖ್ಯ ಪ್ರಶ್ನೆ. ಮಗುವಿನ ವಿಷಯ ಬೇರೆ, ನಿಮ್ಮ ಮದುವೆಯ ವಿಷಯ ಬೇರೆ. ಆಫೀಸಿನಲ್ಲಿ ಎರಡನ್ನೂ ಒಂದೇ ಉಸಿರಿನಲ್ಲಿ ಕೇಳಿದ್ದರಿಂದ ನಿಮಗೆ ಬಾಗಿಲು ಮುಚ್ಚಿದಂತೆ ಅನಿಸಿದೆ. ಧರ್ಮಸಭೆಯ ಸ್ವಂತ ಕಾನೂನಾದ 1983ರ ಕ್ಯಾನನ್ ಕಾನೂನಿನ 868ನೇ ವಿಧಿ ಮಗುವಿನ ಜ್ಞಾನಸ್ನಾನಕ್ಕೆ ಕೇಳುವುದು ಎರಡು. ತಂದೆ ತಾಯಿಯರಲ್ಲಿ ಕನಿಷ್ಠ ಒಬ್ಬರ ಒಪ್ಪಿಗೆ ಬೇಕು. ಮಗು ಕ್ಯಾಥೊಲಿಕ್ ವಿಶ್ವಾಸದಲ್ಲಿ ಬೆಳೆಯುತ್ತದೆ ಎಂದು ನಂಬಲು ಆಧಾರ ಬೇಕು. ತಂದೆ ತಾಯಿಯ ಮದುವೆ ಚರ್ಚಿನಲ್ಲೇ ಆಗಿರಬೇಕು ಎಂಬ ಷರತ್ತು ಅಲ್ಲಿಲ್ಲ. ಎರಡನೆಯದಕ್ಕೆ ಆಧಾರವೇ ಇಲ್ಲದಿದ್ದರೆ ಜ್ಞಾನಸ್ನಾನ ಮುಂದೂಡಬಹುದು, ಯಾಕೆಂದು ಕಾರಣವನ್ನೂ ಹೇಳಬೇಕು. ಮುಂದೂಡುವುದು ಅಂದರೆ ಆಗುವುದೇ ಇಲ್ಲ ಅಂತಲ್ಲ.

ಹಾಗಾದರೆ ಮದುವೆ ಸರ್ಟಿಫಿಕೇಟ್ ಯಾಕೆ ಕೇಳಿದರು? ಪುಸ್ತಕದಲ್ಲಿ ತಂದೆ ತಾಯಿಯ ವಿವರ ಬರೆಯಬೇಕು, ಅದಕ್ಕೆ. ಮತ್ತೆ, ಮನೆಯಲ್ಲಿ ಮಗುವಿಗೆ ಪ್ರಾರ್ಥನೆ ಹೇಳಿಕೊಡುವವರು ಯಾರು ಎಂಬುದು ಅದರಿಂದ ಸ್ವಲ್ಪ ಗೊತ್ತಾಗುತ್ತದೆ. ಪ್ರಶ್ನೆಗಳು ತಪ್ಪಲ್ಲ, ಕೇಳಿದ ರೀತಿ ಮಾತ್ರ ಒರಟು. ಇಂಥ ವಿಷಯವನ್ನು ಆಫೀಸಿನ ಕಿಟಕಿಯಲ್ಲಿ ನಿಂತು ಮಾತಾಡಲೇಬೇಡಿ. ಸಂಜೆ ಪೂಜೆ ಮುಗಿದ ಮೇಲೆ ವಿಗಾರ್ ಫಾದರನ್ನು, ಅಂದರೆ ಆ ಚರ್ಚಿನ ಮುಖ್ಯ ಗುರುಗಳನ್ನು, ನೇರವಾಗಿ ನೋಡಿ. "ಫಾದರ್, ಹತ್ತು ನಿಮಿಷ ಬೇಕಿತ್ತು, ಯಾವಾಗ ಬರಲಿ?" ಅಂದರೆ ಸಾಕು. ಗಂಡನನ್ನೂ ಕರೆದುಕೊಂಡು ಹೋಗಿ. ಅವರು ಜೊತೆಗೆ ಬಂದು ಕೂತರೆ ನಂಬಲು ಆಧಾರ ಎಲ್ಲಿ ಎಂಬ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ವಾಡೊ, ಗುರ್ಕಾರ್ ಅಂದಾಗ ಗಾಬರಿಯಾಗಬೇಡಿ. ಘಟ್ಟದ ಮೇಲಿಂದ ಬಂದವರಿಗೆ ಈ ಪದಗಳು ಹೊಸತು. ಮಂಗಳೂರು, ಉಡುಪಿ ಕಡೆ ಒಂದು ಫಿರ್ಗಜ್ ಅಂದರೆ ಒಂದು ಚರ್ಚಿನ ವ್ಯಾಪ್ತಿ. ಅದನ್ನು ವಾಡೊಗಳಾಗಿ ಹಂಚಿರುತ್ತಾರೆ. ಪ್ರತಿ ವಾಡೊಗೆ ಒಬ್ಬ ಗುರ್ಕಾರ್ ಇರುತ್ತಾರೆ. ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಗೆ ಹೊಸಬರು ಬಂದರು ಎಂದು ಫಾದರಿಗೆ ತಿಳಿಸುವವರು ಅವರೇ. ನೀವು ಕೊಂಕಣಿ ಮನೆತನದವರಾಗಬೇಕಿಲ್ಲ, ಸ್ವಂತ ಮನೆಯೂ ಬೇಕಿಲ್ಲ. ಕ್ಯಾನನ್ ಕಾನೂನು ಕೇಳುವುದು ನೀವು ಎಲ್ಲಿ ವಾಸ ಮಾಡುತ್ತೀರಿ ಎಂದಷ್ಟೇ. ಮೂರು ತಿಂಗಳು ಒಂದು ಕಡೆ ಇದ್ದರೂ ಅಲ್ಲಿನ ವಿಗಾರರೇ ನಿಮ್ಮ ವಿಗಾರರು. ನೀವು ಮೂರು ವರ್ಷದಿಂದ ಇದ್ದೀರಿ. ಹೆಸರು ಬರೆಸಿಲ್ಲ, ಅಷ್ಟೇ. ಫ್ಲ್ಯಾಟಿನ ವಾಚ್‌ಮನ್‌ನನ್ನೋ ಪಕ್ಕದ ಕ್ಯಾಥೊಲಿಕ್ ಮನೆಯವರನ್ನೋ ಕೇಳಿದರೆ ಗುರ್ಕಾರ್ ಯಾರೆಂದು ಗೊತ್ತಾಗುತ್ತದೆ. ವಾಡೊದ ಪ್ರಾರ್ಥನೆಗೆ ಒಂದು ಸಂಜೆ ಹೋಗಿ ಕುಳಿತುಕೊಳ್ಳಿ. ಮಾತು ಅರ್ಥವಾಗದಿದ್ದರೂ ಚಹಾ ಹೊತ್ತಿಗೆ ಎಲ್ಲರೂ ಕನ್ನಡಕ್ಕೆ ಬರುತ್ತಾರೆ.

ಬಿಕರ್ನಕಟ್ಟೆಯ ಬಾಲಯೇಸುವಿನ ಬಗ್ಗೆ ಒಂದು ಮಾತು. ಅಲ್ಲಿಗೆ ಹೋಗುವುದು ಒಳ್ಳೆಯದೇ, ಬಿಡಬೇಡಿ. ಆದರೆ ಅದು ಪುಣ್ಯಕ್ಷೇತ್ರ. ಕಾರ್ಕಳದ ಅತ್ತೂರು ಚರ್ಚಿನ ಹಬ್ಬಕ್ಕೆ ಜನವರಿಯಲ್ಲಿ ಎಷ್ಟು ಸಲ ಹೋದರೂ ನೀವು ಅತ್ತೂರಿನವರಾಗುವುದಿಲ್ಲ, ಅಲ್ವಾ? ಜ್ಞಾನಸ್ನಾನ, ಮದುವೆ, ಮಣ್ಣು ಮಾಡುವುದು, ಇವೆಲ್ಲ ನಡೆದು ದಾಖಲಾಗುವುದು ಸಾಮಾನ್ಯವಾಗಿ ನೀವು ವಾಸಿಸುವ ಕಡೆಯ ಚರ್ಚಿನಲ್ಲಿ. ಹಬ್ಬಕ್ಕೆ ಎಲ್ಲಿಗೆ ಬೇಕಾದರೂ ಹೋಗಿ. ಹೆಸರು ಒಂದು ಕಡೆ ಇರಲಿ.

ಭಾಷೆ ಸಮಸ್ಯೆಯೇ ಅಲ್ಲ. ಇಲ್ಲಿ ಪೂಜೆ ಜಾಸ್ತಿ ಕೊಂಕಣಿಯಲ್ಲಿ ನಡೆಯುತ್ತದೆ. ಆದರೆ ಜ್ಞಾನಸ್ನಾನದ ವಿಧಿ ಕನ್ನಡದಲ್ಲೂ ಇದೆ, ಇಲ್ಲಿನ ಫಾದರ್‌ಗಳಿಗೆ ಕನ್ನಡ ಚೆನ್ನಾಗಿ ಬರುತ್ತದೆ. ಕನ್ನಡದಲ್ಲಿ ಮಾಡಿ ಎಂದು ಮೊದಲೇ ಕೇಳಿಕೊಳ್ಳಿ. ನಿಮ್ಮ ಗಂಡನಿಗೂ ಅತ್ತೆಗೂ ಅರ್ಥವಾಗುತ್ತದೆ. ಕೊಂಕಣಿ ಪ್ರಾರ್ಥನೆ ಪುಸ್ತಕವೂ ಕನ್ನಡ ಲಿಪಿಯಲ್ಲೇ ಇರುವುದರಿಂದ ಓದಿಕೊಂಡು ಹೇಳಲು ತೊಂದರೆಯಾಗದು.

ಇಂಚರ ಎಂಬ ಹೆಸರು ಇರಲಿ. ಸಂತರ ಹೆಸರೇ ಇಡಬೇಕೆಂಬ ಕಾನೂನಿಲ್ಲ. ಕ್ರೈಸ್ತ ಭಾವನೆಗೆ ವಿರುದ್ಧವಾದ ಹೆಸರು ಬೇಡ ಎನ್ನುತ್ತದೆ 855ನೇ ವಿಧಿ, ಅಷ್ಟೇ. ಹಕ್ಕಿಯ ಇನಿದನಿಯಲ್ಲಿ ವಿರುದ್ಧವಾದದ್ದು ಏನೂ ನನಗೆ ಕಾಣುತ್ತಿಲ್ಲ. ಅಮ್ಮ ಹಟ ಹಿಡಿದರೆ ಮರಿಯಾ ಎಂದೋ ಅನ್ನಾ ಎಂದೋ ಜೊತೆಗೆ ಒಂದು ಹೆಸರು ಸೇರಿಸಬಹುದು. ಪಾಲಿಕೆಯ ಜನನ ಪ್ರಮಾಣಪತ್ರ ಬದಲಿಸಬೇಕಿಲ್ಲ. ಗಂಡನ ಮನೆಯಲ್ಲಿ ಆದ ನಾಮಕರಣವೂ ಜ್ಞಾನಸ್ನಾನಕ್ಕೆ ಅಡ್ಡಿಯಲ್ಲ.

ಗೆಳತಿಯ ವಿಷಯ. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಆ ಕುಟುಂಬಗಳು ಈಗ ಜಾಸ್ತಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿವೆ. ಜ್ಞಾನಸ್ನಾನಕ್ಕೆ ಅವರು ದೀಕ್ಷಾಸ್ನಾನ ಎನ್ನುತ್ತಾರೆ, ಅದನ್ನು ಕ್ಯಾಥೊಲಿಕರು ಒಪ್ಪುತ್ತಾರೆ. ಆದರೂ ಜ್ಞಾನತಾಯಿ ಎಂಬ ಸ್ಥಾನಕ್ಕೆ ಕ್ಯಾಥೊಲಿಕರೇ ಬೇಕು. 16 ವರ್ಷ ತುಂಬಿರಬೇಕು, ದೃಢೀಕರಣ (ಕನ್ಫರ್ಮೇಶನ್) ಮತ್ತು ಪರಮಪ್ರಸಾದ ಪಡೆದಿರಬೇಕು, ಮಗುವಿನ ತಂದೆ ಅಥವಾ ತಾಯಿ ಆಗಿರಬಾರದು. ಇಬ್ಬರು ಬೇಕೇ ಬೇಕು ಎಂದೇನಿಲ್ಲ, ಒಬ್ಬರು ಸಾಕು. ನಿಮ್ಮ ಅಣ್ಣನೋ ಚಿಕ್ಕಮ್ಮನೋ ಆ ಜಾಗದಲ್ಲಿ ನಿಂತರೆ, ಗೆಳತಿ ಅವರ ಜೊತೆಗೆ ಸಾಕ್ಷಿಯಾಗಿ ನಿಲ್ಲಬಹುದು. ಅವಳ ಹೆಸರೂ ಪುಸ್ತಕಕ್ಕೆ ಬರುತ್ತದೆ. ಊರಿಂದ ಬರುವ ಜ್ಞಾನತಂದೆ ತಮ್ಮ ಚರ್ಚಿನಿಂದ ಒಂದು ಪತ್ರ ತಂದರೆ ಆ ದಿನ ತಕರಾರು ಇರುವುದಿಲ್ಲ.

ಇನ್ನು ನಿಮ್ಮ ಮದುವೆ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಸರ್ಕಾರದ ಕಣ್ಣಿನಲ್ಲಿ ನೀವು ಗಂಡ ಹೆಂಡತಿ. 1954ರ ಕಾಯ್ದೆ ಪ್ರಕಾರ ಆದ ಮದುವೆ ಗಟ್ಟಿ, ಅದನ್ನು ಯಾವ ಚರ್ಚೂ ಅಲುಗಾಡಿಸಲಾರದು. ಆದರೆ ಧರ್ಮಸಭೆಗೆ ತನ್ನದೇ ಒಂದು ನಿಯಮವಿದೆ. ಕ್ಯಾಥೊಲಿಕರೊಬ್ಬರು ಮದುವೆಯಾಗುವಾಗ, ಅಧಿಕಾರವಿರುವ ಫಾದರ್ ಮತ್ತು ಇಬ್ಬರು ಸಾಕ್ಷಿಗಳ ಎದುರು ಒಪ್ಪಿಗೆ ಹೇಳಬೇಕು. ಈ ನಿಯಮ ಬಂದದ್ದು 1563ರಲ್ಲಿ, ಟ್ರೆಂಟ್ ಎಂಬಲ್ಲಿ ಸೇರಿದ ಬಿಷಪರ ಮಹಾಸಭೆಯಿಂದ. ಅದಕ್ಕೆ ಮುಂಚೆ ಯುರೋಪಿನಲ್ಲಿ ಗುಟ್ಟಾಗಿ ಮದುವೆಯಾಗಿ, ಆಮೇಲೆ "ನಾನು ಇವಳನ್ನು ಮದುವೆಯೇ ಆಗಿಲ್ಲ" ಎಂದು ಕೈಕೊಡುವವರ ಕಾಟ ಹೆಚ್ಚಾಗಿತ್ತು. ಇದರ ಜೊತೆ ಇನ್ನೊಂದಿದೆ. ಜ್ಞಾನಸ್ನಾನ ಆಗದವರನ್ನು ಮದುವೆಯಾಗಲು ಬಿಷಪರಿಂದ ವಿನಾಯಿತಿ ಬೇಕು. ನಿಮ್ಮ ವಿಷಯದಲ್ಲಿ ಎರಡೂ ಆಗಿಲ್ಲ. ಹಾಗಾಗಿ ಧರ್ಮಸಭೆಯ ಲೆಕ್ಕದಲ್ಲಿ ನಿಮ್ಮ ಮದುವೆ ಇನ್ನೂ ಊರ್ಜಿತವಾಗಿಲ್ಲ. ಓದಲು ಕಹಿ ಅನಿಸಬಹುದು. ನಿಮ್ಮ ಸಂಸಾರದ ಪ್ರೀತಿಗೆ ಕೊಟ್ಟ ಅಂಕ ಅಲ್ಲ ಅದು. ವಿಧಾನದ ಕೊರತೆ. ಕೊರತೆ ಸರಿಪಡಿಸಲು ದಾರಿ ಇದ್ದೇ ಇದೆ.

ಮೊದಲ ದಾರಿ ಚರ್ಚಿನಲ್ಲಿ ಒಪ್ಪಿಗೆ ಹೇಳುವುದು. ನಿಮ್ಮ ಜ್ಞಾನಸ್ನಾನದ ಹೊಸ ಪತ್ರ, ಈ ಮೊದಲು ಚರ್ಚಿನಲ್ಲಿ ಬೇರೆ ಮದುವೆ ಆಗಿಲ್ಲ ಎಂಬ ಊರಿನ ವಿಗಾರರ ಪತ್ರ, ರಿಜಿಸ್ಟರ್ ಮದುವೆಯ ಸರ್ಟಿಫಿಕೇಟ್, ಇಷ್ಟು ಇಟ್ಟುಕೊಂಡು ನಿಮ್ಮ ಈಗಿನ ವಿಗಾರರು ಕೊಡಿಯಾಲ್‌ಬೈಲಿನ ಬಿಷಪ್ ಹೌಸಿಗೆ ಬರೆಯುತ್ತಾರೆ. ಉಡುಪಿ ಕಡೆ ಇದ್ದಿದ್ದರೆ ಅಲ್ಲಿನ ಬಿಷಪರಿಗೆ ಹೋಗುತ್ತಿತ್ತು, 2012ರಿಂದ ಉಡುಪಿ ಬೇರೆ ಧರ್ಮಪ್ರಾಂತ್ಯ. ವಿನಾಯಿತಿ ಬಂದ ಮೇಲೆ ಒಂದು ಸಂಜೆ ಇಬ್ಬರು ಸಾಕ್ಷಿಗಳ ಜೊತೆ ಹೋಗಿ ಒಪ್ಪಿಗೆ ಹೇಳಿದರೆ ಆಯಿತು. ಹಾಲ್ ಬೇಡ, ಬ್ಯಾಂಡ್ ಬೇಡ, ಬಿಳಿ ಗೌನ್ ಬೇಡ. ಮಂಗಳೂರಿನ ನೆಂಟರು ಯಾರಾದರೂ "ರೋಸ್ ಇಲ್ಲದೆ ಎಂಥ ಮದುವೆ?" ಎಂದು ತೆಂಗಿನಹಾಲು ಹಿಡಿದುಕೊಂಡು ಬಂದರೆ ನಿಮಗಿಷ್ಟವಿದ್ದರೆ ತಲೆಗೆ ಹಾಕಿಸಿಕೊಳ್ಳಿ. ರೋಸ್ ಅಂದರೆ ಮದುವೆಗೆ ಮುಂಚೆ ವಧೂವರರಿಗೆ ತೆಂಗಿನಹಾಲು ಹಾಕುವ ಪದ್ಧತಿ. ಅದು ಸಂಸ್ಕಾರ ಅಲ್ಲ, ಸಂಭ್ರಮ. ಒಂದು ಮಾತು ಹೇಳಲೇಬೇಕು: ರೋಸಿಗೆ ಡಿಜೆ ತರಿಸಲು ತಿಂಗಳುಗಟ್ಟಲೆ ಓಡಾಡುವವರೇ ಚರ್ಚಿನ ಒಂದು ಪತ್ರಕ್ಕೆ "ಎಷ್ಟು ಅಲೆಸ್ತಾರಪ್ಪಾ" ಎನ್ನುವುದನ್ನು ನೋಡಿ ನಗು ಬರುತ್ತದೆ.

ನಿಮ್ಮ ಗಂಡ ಮತಾಂತರ ಆಗಬೇಕಿಲ್ಲ. ಇದನ್ನು ಅವರ ಮನೆಯವರಿಗೆ ಸ್ಪಷ್ಟವಾಗಿ ಹೇಳಿ, ಎಷ್ಟೋ ಮನೆಗಳಲ್ಲಿ ಈ ಭಯದಿಂದಲೇ ಮಾತು ಮುರಿಯುತ್ತದೆ. ವಿನಾಯಿತಿಗಾಗಿ ಮಾತು ಕೊಡಬೇಕಾದವರು ನೀವು ಮಾತ್ರ. ನನ್ನ ವಿಶ್ವಾಸ ಬಿಡುವುದಿಲ್ಲ, ಮಕ್ಕಳನ್ನು ಕ್ಯಾಥೊಲಿಕರಾಗಿ ಬೆಳೆಸಲು ನನ್ನ ಕೈಲಾದದ್ದನ್ನೆಲ್ಲ ಮಾಡುತ್ತೇನೆ ಎಂದು. ಹಿಂದಿನ ಕಾಲದಲ್ಲಿ ಇನ್ನೊಬ್ಬರಿಂದಲೂ ಬರೆಸಿಕೊಳ್ಳುತ್ತಿದ್ದರು. 1970ರಲ್ಲಿ ಪೋಪ್ ಆರನೇ ಪೌಲರು ಹೊರಡಿಸಿದ ಆದೇಶ ಅದನ್ನು ಕೈಬಿಟ್ಟಿತು. ಈಗ ನಿಮ್ಮ ಗಂಡನಿಗೆ ವಿಷಯ ತಿಳಿಸಿರಬೇಕು, ಅಷ್ಟೇ. ಮದುವೆ ಎಂದರೆ ಜೀವನಪೂರ್ತಿ, ಒಬ್ಬರಿಗೆ ಒಬ್ಬರು ಎಂಬುದು ಇಬ್ಬರಿಗೂ ಗೊತ್ತಿರಬೇಕು. ಒಂದು ಎಚ್ಚರಿಕೆ: ಚರ್ಚಿನಲ್ಲಿ ಒಪ್ಪಿಗೆ ಹೇಳಿದ ಮೇಲೆ ಅತ್ತೆ ಮನೆಯಲ್ಲಿ ಧಾರೆ ಎರೆಯೋಣ ಎಂಬ ಮಾತು ಬಂದರೆ ಫಾದರ್ ಜೊತೆ ಮೊದಲೇ ಮಾತಾಡಿ. ಅದೇ ಮದುವೆಗೆ ಇನ್ನೊಂದು ಧಾರ್ಮಿಕ ವಿಧಿಯನ್ನು ಕ್ಯಾನನ್ ಕಾನೂನು ಒಪ್ಪುವುದಿಲ್ಲ.

ಎರಡನೆಯ ದಾರಿ ಕೆಲವರಿಗಷ್ಟೇ ಗೊತ್ತು. ಗಂಡನಿಗೆ ನಿಮ್ಮ ಮೇಲೆ ಪ್ರೀತಿಯಿದೆ, ಆದರೆ "ಮದುವೆ ಒಂದು ಸಲ ಆಗಿದೆ, ಇನ್ನೊಮ್ಮೆ ನಿಲ್ಲುವುದಿಲ್ಲ" ಎನ್ನುತ್ತಾರೆ ಎಂದುಕೊಳ್ಳಿ. ಆಗ ಬಿಷಪರು, ನೀವಿಬ್ಬರೂ ಅಂದು ಕೊಟ್ಟ ಒಪ್ಪಿಗೆ ಇವತ್ತಿಗೂ ಉಳಿದಿದೆ ಎಂಬ ಆಧಾರದ ಮೇಲೆ, ಮತ್ತೆ ಒಪ್ಪಿಗೆ ಹೇಳಿಸದೆಯೇ ಮದುವೆಯನ್ನು ಬುಡದಿಂದ ಸರಿಪಡಿಸಬಹುದು. ಅದನ್ನು ಲ್ಯಾಟಿನ್‌ನಲ್ಲಿ ಸನಾಸಿಯೋ ಇನ್ ರಾಡಿಚೆ ಎನ್ನುತ್ತಾರೆ. ಫಾದರ್ ಹತ್ತಿರ ಈ ಹೆಸರು ಹೇಳಿದರೆ ತಕ್ಷಣ ಅರ್ಥವಾಗುತ್ತದೆ. ಇದಕ್ಕೂ ನೀವು ಮೇಲೆ ಹೇಳಿದ ಮಾತು ಕೊಡಲೇಬೇಕು. ನನ್ನ ಅಭಿಪ್ರಾಯ ಕೇಳಿದರೆ, ಗಂಡ ಒಪ್ಪಿದರೆ ಮೊದಲ ದಾರಿಯೇ ಒಳ್ಳೆಯದು. ಬಾಯಿಬಿಟ್ಟು ಹೇಳಿದ ಮಾತಿಗೆ ತೂಕ ಜಾಸ್ತಿ.

ಒಂದು ಸೂಕ್ಷ್ಮ: ಹೀಗೆ ಸರಿಪಡಿಸಿದ ಮದುವೆ ಧರ್ಮಸಭೆಗೆ ಪೂರ್ತಿ ಊರ್ಜಿತ. ಆದರೆ ಏಳು ಸಂಸ್ಕಾರಗಳಲ್ಲಿ ಒಂದು ಎನಿಸಿಕೊಳ್ಳಲು ಇಬ್ಬರಿಗೂ ಜ್ಞಾನಸ್ನಾನ ಆಗಿರಬೇಕು. ನಿಮ್ಮ ದಿನನಿತ್ಯದ ಬದುಕಿಗೆ ಇದರಿಂದ ವ್ಯತ್ಯಾಸವಿಲ್ಲ.

ಪರಮಪ್ರಸಾದ? ಮದುವೆ ಸರಿಯಾಗುವ ತನಕ ತೆಗೆದುಕೊಳ್ಳದಿರುವುದು ಧರ್ಮಸಭೆಯ ಶಿಸ್ತು. ಪೂಜೆಗೆ ಮಾತ್ರ ತಪ್ಪದೆ ಬನ್ನಿ. ನೀವು ಬಹಿಷ್ಕಾರಕ್ಕೆ ಒಳಗಾದವರಲ್ಲ, ಹಾಗೆ ಯಾರಾದರೂ ಹೇಳಿದರೆ ಅದು ತಪ್ಪು. ಫಾದರ್ ಹತ್ತಿರ ಮನಸ್ಸು ಬಿಚ್ಚಿ ಮಾತಾಡಿ, ಮದುವೆ ಸರಿಪಡಿಸುವ ದಿನ ಗೊತ್ತಾದ ಮೇಲೆ ಪಾಪನಿವೇದನೆ ಮಾಡಿ. ಕೊಂಕಣಿಯವರು ಅದಕ್ಕೆ ಕುಮ್ಸಾರ್ ಎನ್ನುತ್ತಾರೆ. ಅದನ್ನೂ ಕನ್ನಡದಲ್ಲೇ ಮಾಡಬಹುದು. ಅಲ್ಲಿ ಹೇಳಿದ್ದು ಅಲ್ಲೇ ಉಳಿಯುತ್ತದೆ. ಆ ಗುಟ್ಟನ್ನು ನೇರವಾಗಿ ಹೊರಗೆ ಬಿಟ್ಟ ಫಾದರಿಗೆ ತಾನಾಗಿಯೇ ಬಹಿಷ್ಕಾರದ ಶಿಕ್ಷೆ ಇದೆ.

ಜ್ಞಾನಸ್ನಾನದ ದಿನ ಏನಾಗುತ್ತದೆ ಎಂದು ಗಂಡನಿಗೆ ಮೊದಲೇ ಹೇಳಿಡಿ. ಚರ್ಚಿನ ಬಾಗಿಲಲ್ಲಿ ಫಾದರ್ "ಮಗುವಿಗೆ ಏನು ಹೆಸರು?" ಎಂದು ಕೇಳುತ್ತಾರೆ. ಅದನ್ನು ಅವರೇ ಹೇಳಲಿ. ಫಾದರ್ ಹೆಬ್ಬೆರಳಿನಿಂದ ಮಗುವಿನ ಹಣೆಗೆ ಶಿಲುಬೆ ಗುರುತು ಹಾಕುತ್ತಾರೆ, ಆಮೇಲೆ ತಂದೆ ತಾಯಿಗೂ ಹಾಕಲು ಹೇಳುತ್ತಾರೆ. ಗಂಡನಿಗೆ ಮನಸ್ಸಿದ್ದರೆ ಹಾಕಬಹುದು, ಇಲ್ಲದಿದ್ದರೆ ಬೇಡ. ಸೈತಾನನನ್ನು ತೊರೆಯುತ್ತೀರಾ, ದೇವರನ್ನು ವಿಶ್ವಾಸಿಸುತ್ತೀರಾ ಎಂಬ ಪ್ರಶ್ನೆಗಳಿಗೆ ಉತ್ತರಿಸುವವರು ನೀವು ಮತ್ತು ಜ್ಞಾನತಂದೆ. ಅವರು ಸುಮ್ಮನೆ ನಿಂತಿದ್ದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ನೀರು ಮೂರು ಸಲ ತಲೆಯ ಮೇಲೆ. ಮಗು ಅತ್ತೇ ಅಳುತ್ತದೆ, ಒಂದು ಟವೆಲ್ ಕೈಯಲ್ಲೇ ಇರಲಿ. ಆಮೇಲೆ ನೆತ್ತಿಗೆ ಕ್ರಿಸ್ಮ ಎಂಬ ಸುಗಂಧ ತೈಲ. ಬಿಷಪರು ವರ್ಷಕ್ಕೊಮ್ಮೆ, ಈಸ್ಟರಿಗೆ ಮುಂಚೆ ಪವಿತ್ರಗೊಳಿಸಿ ಎಲ್ಲ ಚರ್ಚುಗಳಿಗೆ ಹಂಚುವ ತೈಲ ಅದು. ಮನೆಗೆ ಹೋದ ಮೇಲೂ ಮಗುವಿನ ನೆತ್ತಿ ಘಮಘಮ ಅನ್ನುತ್ತದೆ. ಕೊನೆಗೆ ಬಿಳಿ ಬಟ್ಟೆ, ಪಾಸ್ಕದ (ಈಸ್ಟರಿನ) ದೊಡ್ಡ ಮೇಣದಬತ್ತಿಯಿಂದ ಹಚ್ಚಿದ ಸಣ್ಣ ಬತ್ತಿ. ಎಲ್ಲ ಸೇರಿ ಅರ್ಧ ಗಂಟೆಯ ಕೆಲಸ.

ಅದು ಮುಗಿದ ಮೇಲೆ ಫಾದರ್ ಪೂಜೆಗೆ ಸಿದ್ಧವಾಗುವ ಕೋಣೆಯಾದ ಸ್ಯಾಕ್ರಿಸ್ಟಿಯಲ್ಲೋ ಆಫೀಸಿನಲ್ಲೋ ಆ ದಪ್ಪ ಪುಸ್ತಕ ತೆರೆಯುತ್ತಾರೆ. ಮಗುವಿನ ಹೆಸರು, ಹುಟ್ಟಿದ ದಿನ, ಊರು, ತಂದೆ ತಾಯಿ, ಜ್ಞಾನತಂದೆ, ಸಾಕ್ಷಿ, ಜ್ಞಾನಸ್ನಾನ ಕೊಟ್ಟವರು. ಅಂಚಿನಲ್ಲಿ ಒಂದಿಷ್ಟು ಜಾಗ ಖಾಲಿ ಬಿಟ್ಟಿರುತ್ತಾರೆ. ಮುಂದೆ ದೃಢೀಕರಣ ಎಲ್ಲಾಯಿತು, ಮದುವೆ ಯಾರ ಜೊತೆ ಯಾವಾಗ ಎಲ್ಲಾಯಿತು ಎಂಬುದೆಲ್ಲ ಆ ಅಂಚಿಗೇ ಬರಬೇಕು. ನಿಮ್ಮ ಮಗಳು ಮುಂದೆ ದುಬೈಯಲ್ಲಿ ಮದುವೆಯಾದರೂ ಅಲ್ಲಿಂದ ಇಲ್ಲಿಗೆ ಸುದ್ದಿ ಬಂದು ಇದೇ ಸಾಲಿನ ಪಕ್ಕ ಷರಾ ಬೀಳುತ್ತದೆ. ಊರಿನ ಚರ್ಚಿನಲ್ಲಿರುವ ನಿಮ್ಮ ಸಾಲಿನ ಅಂಚಿನಲ್ಲಿ ಈಗ ದೃಢೀಕರಣದ ಷರಾ ಮಾತ್ರ ಇದೆ, ಮದುವೆಯ ಜಾಗ ಖಾಲಿ. ಆಫೀಸಿನವರು ಪತ್ರ, ಪತ್ರ ಎಂದು ಪೀಡಿಸುವುದು ಈ ಅಂಚಿಗಾಗಿ.

ಸರ್ಟಿಫಿಕೇಟ್ ತೆಗೆದುಕೊಳ್ಳುವ ಮುಂಚೆ ಹೆಸರಿನ ಸ್ಪೆಲ್ಲಿಂಗನ್ನು ಜನನ ಪ್ರಮಾಣಪತ್ರದ ಜೊತೆ ಹೋಲಿಸಿ ನೋಡಿ. ಆಮೇಲೆ ತಿದ್ದಿಸುವುದು ದೊಡ್ಡ ತಲೆನೋವು.

ಮುಂದಿನದು ಇನ್ನೂ ದೂರ ಇದೆ. ಏಳೆಂಟು ವರ್ಷವಾದಾಗ ಭಾನುವಾರದ ದೊತೊರ್ನ್ (ಧರ್ಮೋಪದೇಶ) ಕ್ಲಾಸು, ಮೊದಲ ಪಾಪನಿವೇದನೆ, ಮೊದಲ ಪರಮಪ್ರಸಾದ. ದೊಡ್ಡವಳಾದ ಮೇಲೆ ಬಿಷಪರು ಬಂದಾಗ ದೃಢೀಕರಣ. ಆಗ ಮತ್ತೆ ಬರೆಯಿರಿ.

ದುಡ್ಡಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸಂಸ್ಕಾರಕ್ಕೆ ಬೆಲೆ ಇಲ್ಲ. ಗೊತ್ತುಮಾಡಿದ ಕಾಣಿಕೆ ಇರುತ್ತದೆ, ಫಿರ್ಗಜಿಗೆ ಸೇರಿದ ಮೇಲೆ ವಂತಿಗೆಯೂ ಇರುತ್ತದೆ. ಕೊಟ್ಟು ರಶೀದಿ ತೆಗೆದುಕೊಳ್ಳಿ. ಬಡತನದ ಕಾರಣಕ್ಕೆ ಯಾರಿಗೂ ಸಂಸ್ಕಾರ ತಪ್ಪಬಾರದು ಎಂದು 848ನೇ ವಿಧಿ ನೇರವಾಗಿ ಹೇಳುತ್ತದೆ. ಮೂರು ವರ್ಷದ ಬಾಕಿ ಕಟ್ಟಿದರೆ ಮಾತ್ರ ಎಂದು ಯಾರಾದರೂ ಅಂದರೆ ವಿಗಾರರ ಹತ್ತಿರ ಹೋಗಿ.

ಈ ವಾರ ಮಾಡಬೇಕಾದದ್ದು ಒಂದೇ ಕೆಲಸ, ಗಂಡನ ಜೊತೆ ಮಾತು ಮುಗಿಸುವುದು. ಆಮೇಲೆ ಊರಿನ ಚರ್ಚಿಗೆ ಫೋನ್ ಮಾಡಿ, ಜ್ಞಾನಸ್ನಾನದ ಪತ್ರವನ್ನು ಅಂಚಿನ ಷರಾ ಸಮೇತ ಹೊಸದಾಗಿ ಬರೆದು ಕಳಿಸಿ ಎಂದು ಕೇಳಿ. ನಿಮ್ಮ ಹಳೆಯ ಟ್ರಂಕಿನಲ್ಲಿರುವ, ಶಾಲೆಗೆ ಸೇರುವಾಗ ಮಾಡಿಸಿದ ಪ್ರತಿ ನಡೆಯುವುದಿಲ್ಲ. ಮದುವೆಯ ಕೆಲಸಕ್ಕೆ ಸಾಮಾನ್ಯವಾಗಿ ಆರು ತಿಂಗಳ ಒಳಗಿನ ಪತ್ರವೇ ಬೇಕು. ಹಾಗಾಗಿ ತುಂಬಾ ಮುಂಚೆ ತರಿಸಿ ಇಟ್ಟುಕೊಳ್ಳಬೇಡಿ.